ಸಂಕೋಚಕ್ಕೆ ನಾವು ತೆರುತ್ತಿರುವ ಬೆಲೆ

ತೆರಿಗೆ, ಬಡ್ಡಿ ದರ, ರಫ್ತು, ಕಾರ್ಮಿಕ ಕಾನೂನು ಮುಂತಾದ ವಿಷಯಗಳಿಗೆ ಮೀಸಲಾದ ಈ ಪುಟಗಳಲ್ಲಿ ಋತುಸ್ರಾವ, ಹದಿಹರೆಯ, ಲೈಂಗಿಕ ಆರೋಗ್ಯ ಶಿಕ್ಷಣ ಎಂಬ ಮಾತುಗಳನ್ನು ಕಂಡು ಸದಸ್ಯ ಬಂಧುಗಳಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಲೆಕ್ಕಪರಿಶೋಧಕನಿಗೆ ಈ ವಿಷಯದಲ್ಲಿ ಏನು ಕೆಲಸ ಎಂದೂ ಕೇಳಬಹುದು. ಮೂರು ದಶಕಗಳ ಕಾಲ ಅನ್ಯರ ಲೆಕ್ಕದ ಪುಸ್ತಕಗಳನ್ನು ತಿರುವಿ ಹಾಕುತ್ತ ಬಂದಿರುವ ನನಗೆ ಮನವರಿಕೆಯಾದ ಒಂದು ಸಂಗತಿಯಿದೆ. ಯಾವ ವಿಷಯವನ್ನು ನಾವು ಬಾಯಿಬಿಟ್ಟು ಹೇಳಲಾರೆವೋ ಅದಕ್ಕೆ ನಮ್ಮ ಆಯವ್ಯಯದಲ್ಲಿ ಶೀರ್ಷಿಕೆಯೇ ಇರುವುದಿಲ್ಲ. ಶೀರ್ಷಿಕೆ ಇಲ್ಲವೆಂದ ಮಾತ್ರಕ್ಕೆ ವೆಚ್ಚವೂ ಇಲ್ಲವೆಂದಲ್ಲ. ಗೈರುಹಾಜರಿ, ಅನಾರೋಗ್ಯ, ಅರ್ಧಕ್ಕೆ ನಿಂತ ವಿದ್ಯಾಭ್ಯಾಸ, ಕೆಲಸ ಬಿಟ್ಟುಹೋದ ನುರಿತ ಕೈ ಎಂಬ ಬೇರೆ ಬೇರೆ ಹೆಸರುಗಳಲ್ಲಿ ಅದು ಎಲ್ಲರ ಖಾತೆಗೂ ಸೇರಿಹೋಗಿರುತ್ತದೆ.

ಈ ಮಾತಿಗೆ ಉದಾಹರಣೆಯಾಗಿ ಒಬ್ಬ ಯುವ ಉದ್ಯಮಿಯ ವೃತ್ತಾಂತವನ್ನು ಓದುಗರ ಮುಂದಿಡಬಯಸುತ್ತೇನೆ.

ಒಂದು ಪುಸ್ತಕ, ಒಂದು ಉದ್ದಿಮೆ

ಅದಿತಿ ಗುಪ್ತಾ ಅವರು ಇಂದಿನ ಝಾರ್ಖಂಡ್ ರಾಜ್ಯದ ಗಢ್ವಾ ಎಂಬ ಸಣ್ಣ ಊರಿನವರು. ಹನ್ನೆರಡನೆಯ ವಯಸ್ಸಿನಲ್ಲಿ ಋತುಮತಿಯಾದಾಗ ಅವರಿಗೆ ಅದರ ಬಗೆಗೆ ಯಾರೂ ಏನನ್ನೂ ಹೇಳಿರಲಿಲ್ಲ. ಎರಡೂವರೆ ಚೊಂಬು ನೀರು ಸುರಿದುಕೊಂಡರೆ ಎರಡೂವರೆ ದಿನಕ್ಕೆ ಮುಗಿಯುತ್ತದೆ ಎಂಬ ನಂಬಿಕೆಯಂತೆ ಸ್ನಾನ ಮಾಡಿಸಿದರು, ಅಷ್ಟೆ. ಮನೆಯಲ್ಲಿ ಬೇರೆ ಕೂರಿಸುವುದು, ದೇವರ ಕೋಣೆಗೆ ಹೋಗದಿರುವುದು, ಬಳಸಿದ ಬಟ್ಟೆಯನ್ನು ಯಾರ ಕಣ್ಣಿಗೂ ಬೀಳದಂತೆ ಒಣಗಿಸುವುದು, ಇವೆಲ್ಲ ಅಲ್ಲಿಯೂ ಇದ್ದವು. ನಮ್ಮ ಜಿಲ್ಲೆಗಳ ಎಷ್ಟು ಮನೆಗಳಲ್ಲಿ ಇದು ಹೀಗೆಯೇ ಇತ್ತು, ಇಂದಿಗೂ ಇದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಅನುಕೂಲಸ್ಥ ಕುಟುಂಬವಾಗಿದ್ದರೂ ಅಂಗಡಿಗೆ ಹೋಗಿ ಸ್ಯಾನಿಟರಿ ಪ್ಯಾಡ್ ಕೊಳ್ಳುವುದು ಮರ್ಯಾದೆಯ ಪ್ರಶ್ನೆಯಾಗಿತ್ತು. ಓದಿಗಾಗಿ ಬೇರೆ ಊರಿಗೆ ಹೋದ ಮೇಲೆ, ಹದಿನೈದನೆಯ ವಯಸ್ಸಿನಲ್ಲಿ ಅವರು ಮೊದಲ ಬಾರಿಗೆ ಪ್ಯಾಡ್ ಕೊಂಡರು.

ಇಲ್ಲಿ ವರ್ತಕರು ಗಮನಿಸಬೇಕಾದ ಅಂಶವೊಂದಿದೆ. ಕೊಳ್ಳುವ ಶಕ್ತಿಯಿತ್ತು, ಅಂಗಡಿಯಲ್ಲಿ ಸರಕಿತ್ತು. ಆದರೂ ವ್ಯಾಪಾರ ನಡೆಯಲಿಲ್ಲ. ನಡುವೆ ನಿಂತದ್ದು ಬೆಲೆಯಲ್ಲ, ಸಂಕೋಚ.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಓದುವಾಗ ಅದಿತಿ ಅವರು ಇದನ್ನೇ ತಮ್ಮ ಅಧ್ಯಯನದ ವಿಷಯವನ್ನಾಗಿ ಮಾಡಿಕೊಂಡರು. ಸಹಪಾಠಿಯೂ ಮುಂದೆ ಪತಿಯೂ ಆದ ತುಹಿನ್ ಪಾಲ್ ಅವರೊಡನೆ 2012ರಲ್ಲಿ ಮೆನ್‌ಸ್ಟ್ರುಪೀಡಿಯ ಎಂಬ ಸಂಸ್ಥೆಯನ್ನು ಸ್ಥಾಪಿಸಿ, 2014ರಲ್ಲಿ ಒಂದು ಚಿತ್ರಕಥೆಯ ಪುಸ್ತಕವನ್ನು ಹೊರತಂದರು. ಪಿಂಕಿ, ಜಿಯಾ, ಮೀರಾ ಎಂಬ ಮೂವರು ಹುಡುಗಿಯರು. ಅವರ ಪ್ರಶ್ನೆಗಳಿಗೆ ಸಮಾಧಾನವಾಗಿ ಉತ್ತರಿಸುವ, ವೈದ್ಯೆಯಾದ ಪ್ರಿಯಾ ಅಕ್ಕ. ದೇಹದಲ್ಲಿ ಆಗುವ ಬದಲಾವಣೆ, ಋತುಚಕ್ರದ ಕಾರಣ, ಶುಚಿತ್ವ, ಆಹಾರ ಇವನ್ನೆಲ್ಲ ಹನ್ನೆರಡರ ಬಾಲೆಗೆ ಭಯವಾಗದ ಹಾಗೆ, ಹೆತ್ತವರಿಗೆ ಮುಜುಗರವಾಗದ ಹಾಗೆ ಬಿಡಿಸಿ ಹೇಳಿರುವುದೇ ಆ ಪುಸ್ತಕದ ವೈಶಿಷ್ಟ್ಯ. ಮೊದಲ ಮುದ್ರಣಕ್ಕೆ ಬೇಕಾದ ಹಣವನ್ನು ಸಾರ್ವಜನಿಕರಿಂದ ಸಣ್ಣ ಸಣ್ಣ ಮೊತ್ತಗಳಲ್ಲಿ ಸಂಗ್ರಹಿಸಲಾಯಿತು. ಅದೇ ವರ್ಷ ಫೋರ್ಬ್ಸ್ ಇಂಡಿಯಾ ಪತ್ರಿಕೆಯು ಮೂವತ್ತರ ಒಳಗಿನ ಮೂವತ್ತು ಸಾಧಕರ ಪಟ್ಟಿಯಲ್ಲಿ, 2015ರಲ್ಲಿ ಬಿಬಿಸಿಯು ನೂರು ಮಹಿಳೆಯರ ಪಟ್ಟಿಯಲ್ಲಿ ಅವರನ್ನು ಹೆಸರಿಸಿದವು. ಪುಸ್ತಕವು ಭಾರತದ ಹಲವು ಭಾಷೆಗಳಿಗೆ ಹೋಯಿತು, ವಿದೇಶಗಳಿಗೂ ಹೋಯಿತು. ನಂತರ ಗಂಡುಮಕ್ಕಳಿಗೆ ಹದಿಹರೆಯವನ್ನು ವಿವರಿಸುವ ಪುಸ್ತಕವನ್ನೂ ಅವರು ಪ್ರಕಟಿಸಿದರು.

ಲೆಕ್ಕಿಗನ ಕಣ್ಣಿನಲ್ಲಿ

ಸಮಾಜಸೇವೆಯೆಂದೊಡನೆ ದೇಣಿಗೆ, ದತ್ತಿ, ರಸೀದಿ ಪುಸ್ತಕಗಳು ನಮ್ಮ ಕಣ್ಣಮುಂದೆ ಬರುತ್ತವೆ. ಮೇಲೆ ಹೇಳಿದ ಉದ್ದಿಮೆಯು ಹಿಡಿದ ದಾರಿ ಬೇರೆ. ಅದು ಪುಸ್ತಕವನ್ನು ಮಾರುತ್ತದೆ. ತಂದೆತಾಯಂದಿರು ಬಿಡಿಯಾಗಿ, ಶಾಲೆಗಳು ಮತ್ತು ಸ್ವಯಂಸೇವಾ ಸಂಸ್ಥೆಗಳು ಸಗಟಾಗಿ ಕೊಳ್ಳುತ್ತಾರೆ. ಬರೆಯುವ, ಚಿತ್ರಿಸುವ, ವೈದ್ಯರಿಂದ ಪರಿಶೀಲಿಸುವ ವೆಚ್ಚ ಒಮ್ಮೆ ಬರುವಂಥದು. ಆಮೇಲಿನ ಪ್ರತಿ ಪ್ರತಿಗೂ ಕಾಗದ, ಮುದ್ರಣ, ಸಾಗಣೆ ಮಾತ್ರ. ಮುದ್ರಣದ ಸಂಖ್ಯೆ ಏರಿದಷ್ಟೂ ಬಿಡಿ ಪ್ರತಿಯ ವೆಚ್ಚ ಇಳಿಯುತ್ತದೆ. ಪ್ರಕಾಶನದ ಈ ಸಾಮಾನ್ಯ ಸೂತ್ರವನ್ನೇ ಅವರು ಯಾರೂ ಮುಟ್ಟಲಾರದ ವಿಷಯಕ್ಕೆ ಅನ್ವಯಿಸಿದರು.

ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಅವರನ್ನು ಎಲ್ಲರೂ ಬಲ್ಲರು. ಕಡಿಮೆ ಬೆಲೆಯಲ್ಲಿ ಪ್ಯಾಡ್ ತಯಾರಿಸುವ ಯಂತ್ರವನ್ನು ನಿರ್ಮಿಸಿ, 2016ರಲ್ಲಿ ಪದ್ಮಶ್ರೀ ಪಡೆದವರು. ಅವರು ವಸ್ತುವನ್ನು ಅಗ್ಗಗೊಳಿಸಿದರು. ಅದಿತಿ ಅವರು ತಿಳುವಳಿಕೆಯನ್ನು ಕೈಗೆಟಕಿಸಿದರು. ಎರಡೂ ಬೇಕಾದವೇ. ಆದರೆ ಪ್ಯಾಡ್ ತಿಂಗಳಿಗೆ ಮುಗಿಯುತ್ತದೆ, ಮುಂದಿನ ತಿಂಗಳು ಮತ್ತೆ ಬೇಕು. ಒಮ್ಮೆ ಅರ್ಥವಾದ ಪಾಠವು ತಾಯಿಯಿಂದ ಮಗಳಿಗೆ, ಅಕ್ಕನಿಂದ ತಂಗಿಗೆ ಸಾಗುತ್ತದೆ. ಮೊದಲನೆಯದು ಬಳಕೆಯ ವೆಚ್ಚ, ಎರಡನೆಯದು ಬಂಡವಾಳ. ವಾಣಿಜ್ಯ ಪದವಿಯ ಮೊದಲ ವರ್ಷದಲ್ಲೇ ನಮಗೆ ಕಲಿಸುವ ಭೇದವಿದು.

2021ರ ಡಿಸೆಂಬರ್‌ನಲ್ಲಿ ಆರಂಭವಾದ ಶಾರ್ಕ್ ಟ್ಯಾಂಕ್ ಇಂಡಿಯಾದ ಮೊದಲ ಸರಣಿಯಲ್ಲಿ ಈ ದಂಪತಿ ಬಂಡವಾಳ ಕೋರಿ ಬಂದರು. 50 ಲಕ್ಷ ರೂಪಾಯಿಗೆ ಶೇ. 10ರಷ್ಟು ಪಾಲು ಕೊಡುವುದಾಗಿ ಹೇಳಿದರು. ಅಂದರೆ ಉದ್ದಿಮೆಯ ಮೌಲ್ಯ 5 ಕೋಟಿ. ಕೊನೆಗೆ ಒಪ್ಪಂದವಾದದ್ದು 50 ಲಕ್ಷಕ್ಕೆ ಶೇ. 20, ಮೌಲ್ಯ ಎರಡೂವರೆ ಕೋಟಿಗೆ ಇಳಿಯಿತು. ಮುಂದೆ ಬಂದ ಹೂಡಿಕೆದಾರರು ನಮಿತಾ ಥಾಪರ್; ವೃತ್ತಿಯಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಎಂಬುದು ನನ್ನಂಥವರಿಗೆ ಸಂತೋಷದ ವಿಷಯ. ಮೌಲ್ಯ ಅರ್ಧಕ್ಕಿಳಿದುದಕ್ಕೆ ನಾನು ಹೂಡಿಕೆದಾರರನ್ನು ದೂಷಿಸುವುದಿಲ್ಲ. ಮಾರುಕಟ್ಟೆಯು ತನಗೆ ಕಾಣುವ ಆದಾಯಕ್ಕೆ ಬೆಲೆ ಕಟ್ಟುತ್ತದೆ. ಶಾಲೆ ಬಿಡದೆ ಉಳಿದ ಹುಡುಗಿಯ ಮುಂದಿನ ನಲವತ್ತು ವರ್ಷಗಳ ದುಡಿಮೆಯು ಯಾವ ಕಂಪನಿಯ ಲಾಭನಷ್ಟ ಪಟ್ಟಿಯಲ್ಲಿಯೂ ಕಾಣುವುದಿಲ್ಲ. ಆ ಲಾಭವು ಸಮಾಜದ್ದು. ಆದ್ದರಿಂದ ಅದರ ಬೆಲೆಯಲ್ಲಿ ಒಂದು ಪಾಲನ್ನು ಸಮಾಜವೇ, ವರ್ತಕ ಸಮಾಜವೂ ಸೇರಿ, ಭರಿಸಬೇಕಾಗುತ್ತದೆ.

ನಾನೇ ಹೊಡೆದುಹಾಕಿದ ಒಂದು ಬಾಬತ್ತು

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದೆ ಹೋಗುವುದು ಪ್ರಾಮಾಣಿಕತೆಯಾಗಲಾರದು. ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯವೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೂ ಸೇರಿ 2005ರಲ್ಲಿ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿದ್ದವು. 2007ರ ಹೊತ್ತಿಗೆ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಅದಕ್ಕೆ ತೀವ್ರ ವಿರೋಧ ಬಂದು ಕಾರ್ಯಕ್ರಮ ನಿಂತಿತು. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದೇ ಅಭಿಪ್ರಾಯಪಟ್ಟಿತು. ಆ ದಿನಗಳಲ್ಲಿ ನಾನು ಒಂದು ಪ್ರೌಢಶಾಲೆಯ ಆಡಳಿತ ಮಂಡಳಿಯ ಖಜಾಂಚಿಯಾಗಿದ್ದೆ. ಎಂಟು, ಒಂಬತ್ತನೆಯ ತರಗತಿಗಳ ಮಕ್ಕಳಿಗೆ ವರ್ಷಕ್ಕೆರಡು ಬಾರಿ ವೈದ್ಯರನ್ನು ಕರೆಸಿ ಮಾತನಾಡಿಸಬೇಕೆಂದು ವಿಜ್ಞಾನದ ಅಧ್ಯಾಪಕಿಯೊಬ್ಬರು ಟಿಪ್ಪಣಿ ಕೊಟ್ಟಿದ್ದರು. ಕೇಳಿದ ಮೊತ್ತ ಅತ್ಯಲ್ಪ. ಪೋಷಕರು ಗಲಾಟೆ ಮಾಡಿಯಾರು ಎಂದು ಹೇಳಿ ನಾನು ಆ ಬಾಬತ್ತನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದೆ. ಯಾರೂ ಆಕ್ಷೇಪಿಸಲಿಲ್ಲ. ಅದೇ ಸಭೆಯಲ್ಲಿ ವಾರ್ಷಿಕೋತ್ಸವದ ಶಾಮಿಯಾನಕ್ಕೆ ಅದರ ಹತ್ತು ಪಟ್ಟು ಹಣ ಮಂಜೂರಾಯಿತು. ಎರಡರ ಕೆಳಗೂ ಸಹಿ ನನ್ನದೇ.

ನನ್ನ ಮಗಳು ಆಗ ಅದೇ ಶಾಲೆಯ ಎಂಟನೆಯ ತರಗತಿಯಲ್ಲಿದ್ದಳು. ಆ ವರ್ಷ ತನಗೆ ಏನೋ ಕಾಯಿಲೆ ಬಂದಿದೆಯೆಂದು ಹೆದರಿ, ಎರಡು ದಿನ ಯಾರಿಗೂ ಹೇಳದೆ ಇದ್ದೆನೆಂದು ಅವಳು ಹೇಳಿದ್ದು ಬಹಳ ವರ್ಷಗಳ ನಂತರ, ಅದೂ ಅವಳ ತಾಯಿಯ ಬಳಿ. ಶಾಲೆಯ ಆ ಟಿಪ್ಪಣಿಯ ವಿಷಯ ಅವಳಿಗೆ ತಿಳಿಯದು. ಪೋಷಕರ ವಿರೋಧದ ಹೆಸರಿನಲ್ಲಿ ನಾನು ಮುಚ್ಚಿಟ್ಟದ್ದು ನನ್ನ ಸ್ವಂತ ಸಂಕೋಚವನ್ನೇ ಎಂಬುದು ನನಗೆ ಅಂದು ಹೊಳೆಯಿತು.

ವಿರೋಧಿಸುವವರೆಲ್ಲ ಕೆಟ್ಟವರಲ್ಲ. ಹೇಳಿಕೊಟ್ಟರೆ ಮಕ್ಕಳು ಕೆಟ್ಟುಹೋದಾರು ಎಂಬ ಭೀತಿ ಹೆತ್ತವರಿಗೆ ಸಹಜ. ಆದರೆ ಯುನೆಸ್ಕೋ 2009ರಲ್ಲಿ ಪ್ರಕಟಿಸಿ 2018ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯು ನಾನಾ ದೇಶಗಳ ಅಧ್ಯಯನಗಳನ್ನು ಒರೆಗೆ ಹಚ್ಚಿ ಹೇಳುವುದು ಇದಕ್ಕೆ ವ್ಯತಿರಿಕ್ತವಾದುದನ್ನು. ವಯಸ್ಸಿಗೆ ತಕ್ಕ ಶಿಕ್ಷಣದಿಂದ ಮಕ್ಕಳು ಅವಸರಪಡುವುದಿಲ್ಲ, ಬದಲಾಗಿ ಎಚ್ಚರಗೊಳ್ಳುತ್ತಾರೆ. ತಮ್ಮ ಮೇಲೆ ನಡೆಯುವ ದೌರ್ಜನ್ಯವನ್ನು ಗುರುತಿಸಿ ಹೇಳುವ ಶಬ್ದಗಳು ಅವರಿಗೆ ದೊರೆಯುತ್ತವೆ. ಮಕ್ಕಳ ರಕ್ಷಣೆಗಾಗಿ 2012ರಲ್ಲಿ ಪೋಕ್ಸೊ ಕಾಯಿದೆ ಬಂತು. ಆದರೆ ಆದದ್ದೇನೆಂದು ಹೇಳಲು ಬಾರದ ಮಗುವಿಗೆ ಯಾವ ಕಾಯಿದೆ ತಾನೇ ನೆರವಾದೀತು? 2024ರ ಸೆಪ್ಟೆಂಬರ್ ತಿಂಗಳ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಸಮಗ್ರ ಲೈಂಗಿಕ ಶಿಕ್ಷಣದ ಅಗತ್ಯವನ್ನು ಒತ್ತಿ ಹೇಳಿರುವುದು ಈ ಹಿನ್ನೆಲೆಯಲ್ಲಿಯೇ.

ಅಂಕಿ ಅಂಶಗಳು ಹೇಳುವುದು

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕೆಲವು ಅಂಕಿಗಳನ್ನು ನೋಡೋಣ. 20ರಿಂದ 24 ವರ್ಷದ ಮಹಿಳೆಯರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ದೇಶದಲ್ಲಿ ಶೇ. 23.3, ಕರ್ನಾಟಕದಲ್ಲಿ ಶೇ. 21.3. 15ರಿಂದ 19 ವರ್ಷದವರಲ್ಲಿ ಆಗಲೇ ತಾಯಂದಿರಾದವರು ಅಥವಾ ಗರ್ಭಿಣಿಯರು ದೇಶದಲ್ಲಿ ಶೇ. 6.8, ಕರ್ನಾಟಕದಲ್ಲಿ ಶೇ. 5.4. ಉದ್ಯೋಗಾವಕಾಶದಲ್ಲಿ ಮುಂದಿರುವ ನಮ್ಮ ರಾಜ್ಯವು ಈ ಪಟ್ಟಿಯಲ್ಲಿ ದೇಶದ ಸರಾಸರಿಗಿಂತ ಹೆಚ್ಚು ದೂರ ಹೋಗಿಲ್ಲ ಎಂಬುದು ಯೋಚಿಸಬೇಕಾದ ಮಾತು.

ಅದೇ ಸಮೀಕ್ಷೆಯಲ್ಲಿ ಸಮಾಧಾನದ ಅಂಕಿಯೂ ಇದೆ. 15ರಿಂದ 24 ವರ್ಷದವರಲ್ಲಿ ಋತುಕಾಲದಲ್ಲಿ ಶುಚಿಯಾದ ಸಾಧನಗಳನ್ನು ಬಳಸುವವರು ಹಿಂದಿನ ಸಮೀಕ್ಷೆಯಲ್ಲಿ ಶೇ. 58ರಷ್ಟಿದ್ದುದು ಶೇ. 77ಕ್ಕೂ ಮೇಲೇರಿದೆ. ಸರ್ಕಾರದ ಕ್ರಮಗಳೂ ಇದಕ್ಕೆ ಕಾರಣ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಪ್ಯಾಡ್ ಮೇಲೆ ಶೇ. 12ರ ತೆರಿಗೆಯಿತ್ತು, ಒಂದು ವರ್ಷದ ಜನಾಗ್ರಹದ ನಂತರ 2018ರ ಜುಲೈನಲ್ಲಿ ಅದನ್ನು ತೆಗೆದುಹಾಕಲಾಯಿತು. ತೆರಿಗೆಯಿಂದ ವಿನಾಯಿತಿ ಪಡೆದ ಸರಕಿಗೆ ಹೂಡುವಳಿ ತೆರಿಗೆ ಜಮೆ ದೊರೆಯದಾದ್ದರಿಂದ ಬೆಲೆಯು ಪೂರ್ತಿ ಶೇ. 12ರಷ್ಟು ಇಳಿಯಲಾರದು ಎಂಬುದು ಸದಸ್ಯರಿಗೆ ತಿಳಿದದ್ದೇ. ನಮ್ಮ ರಾಜ್ಯದ ಶುಚಿ ಯೋಜನೆಯು 2013–14ರಲ್ಲಿ ಆರಂಭವಾಗಿ, ನಡುವೆ ಕೆಲಕಾಲ ಸ್ಥಗಿತಗೊಂಡು, ಪುನಃ ಚಾಲನೆ ಪಡೆಯಿತು. ಹೀಗೆ ವಸ್ತುವು ಒಂದಿಷ್ಟು ತಲಪುತ್ತಿದೆ. ತಿಳುವಳಿಕೆಯು ಅದೇ ವೇಗದಲ್ಲಿ ತಲಪುತ್ತಿಲ್ಲ.

ಇದಕ್ಕೆ ಉದ್ದಿಮೆಗಳ ಸಾಮಾಜಿಕ ಹೊಣೆಯ ವೆಚ್ಚವೇ ಸಾಕ್ಷಿ. ಲೆಕ್ಕ ತಪಾಸಣೆಗೆ ಹೋದ ಒಂದು ಕಡೆ, ಉದ್ದಿಮೆಯೊಂದು ಹತ್ತು ಶಾಲೆಗಳಿಗೆ ಪ್ಯಾಡ್ ನೀಡುವ ಯಂತ್ರಗಳನ್ನು ಕೊಟ್ಟ ದಾಖಲೆ ಇತ್ತು. ರಸೀದಿ, ಛಾಯಾಚಿತ್ರ, ಸ್ವೀಕೃತಿ ಪತ್ರ ಎಲ್ಲವೂ ಕ್ರಮವಾಗಿದ್ದವು. ಕುತೂಹಲಕ್ಕೆಂದು ಒಂದು ಶಾಲೆಗೆ ಹೋಗಿ ನೋಡಿದೆ. ಯಂತ್ರವು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ, ಹೊದಿಸಿದ ಪ್ಲಾಸ್ಟಿಕ್ ಕೂಡ ತೆಗೆಯದೆ, ಗೋಡೆಗೆ ಒರಗಿತ್ತು. ಹುಡುಗಿಯರು ಅಲ್ಲಿಗೆ ಬರಲು ನಾಚುತ್ತಾರೆ ಎಂದರು. ಲೆಕ್ಕ ಸರಿಯಿತ್ತು, ಹಣ ಮಾತ್ರ ವ್ಯರ್ಥವಾಗಿತ್ತು.

ನಮ್ಮ ಸದಸ್ಯರು ಮಾಡಬಹುದಾದುದು

ಹಾಗಾದರೆ ವರ್ತಕ ಸಮುದಾಯದ ಕರ್ತವ್ಯವೇನು? ನನ್ನ ಅಲ್ಪಮತಿಗೆ ತೋಚಿದ ಕೆಲವು ಸಲಹೆಗಳನ್ನು ನಿವೇದಿಸುತ್ತೇನೆ.

ಮೊದಲನೆಯದು, 2013ರ ಕಂಪನಿ ಕಾಯಿದೆಯ 135ನೆಯ ಪ್ರಕರಣಕ್ಕೆ ಒಳಪಡುವ ಸದಸ್ಯರಿಗೆ. ನಿವ್ವಳ ಸಂಪತ್ತು 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ವೆಚ್ಚ ಮಾಡಬೇಕು. ಏಳನೆಯ ಅನುಸೂಚಿಯಲ್ಲಿ ರೋಗತಡೆಯೂ ಸೇರಿದಂತೆ ಆರೋಗ್ಯ, ಶಿಕ್ಷಣ, ಲಿಂಗ ಸಮಾನತೆ ಮೂರೂ ಇವೆ. ಆದ್ದರಿಂದ ಈ ವಿಷಯಕ್ಕೆ ಅಡ್ಡಿಯಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಖಾಸಗಿ ಕಂಪನಿಯಾಗಿ ನೋಂದಣಿಯಾದ ಯುವ ಉದ್ದಿಮೆಯನ್ನು ಯೋಜನೆಯ ಅನುಷ್ಠಾನ ಸಂಸ್ಥೆಯಾಗಿ ನೇಮಿಸಲು ನಿಯಮಗಳು ಒಪ್ಪುವುದಿಲ್ಲ. ಆ ಸ್ಥಾನ ಅರ್ಹ ನ್ಯಾಸ, ಸಂಘ ಮತ್ತು ಎಂಟನೆಯ ಪ್ರಕರಣದ ಕಂಪನಿಗಳಿಗೆ, ಅದೂ 2021ರಿಂದ ಸಿಎಸ್‌ಆರ್-1 ನೋಂದಣಿ ಇದ್ದಲ್ಲಿ. ಆದರೆ ತಾವೇ ಯೋಜನೆ ನಡೆಸುವ ಕಂಪನಿಯು ಅಂಥವರಿಂದ ಪುಸ್ತಕ ಕೊಳ್ಳಬಹುದು, ತರಬೇತಿ ಪಡೆಯಬಹುದು, ಬೆಲೆ ಪಾವತಿಸಬಹುದು. ದಾನಿಯಾಗಿ ಅಲ್ಲ, ಗಿರಾಕಿಯಾಗಿ ನಡೆದುಕೊಂಡರೆ ಆ ಉದ್ದಿಮೆಗಳು ತಮ್ಮ ಕಾಲ ಮೇಲೆ ನಿಲ್ಲುತ್ತವೆ. ಯಂತ್ರಕ್ಕೆ ಹಣ ಮಂಜೂರು ಮಾಡುವ ಪ್ರತಿ ನಿರ್ಣಯದಲ್ಲಿ ಪಾಠಕ್ಕೂ ಒಂದು ಪಾಲನ್ನು ಕಡ್ಡಾಯವಾಗಿ ಸೇರಿಸಬೇಕು.

ಎರಡನೆಯದು, ಪಾಲುದಾರಿಕೆ ಮತ್ತು ಏಕಮಾಲೀಕತ್ವದ ಅಂಗಡಿ, ಕಾರ್ಖಾನೆಗಳನ್ನು ನಡೆಸುವ ಸದಸ್ಯರಿಗೆ. ಇವರಿಗೆ ಶೇ. 2ರ ಕಟ್ಟುಪಾಡಿಲ್ಲ. ಆದರೂ ಗಣೇಶೋತ್ಸವ, ರಾಜ್ಯೋತ್ಸವಗಳಿಗೆ ಕೈಬಿಚ್ಚಿ ಚಂದಾ ಕೊಡುವವರು ಇವರೇ. ತಮ್ಮ ಊರಿನ ಒಂದು ಪ್ರೌಢಶಾಲೆಗೆ ಈ ಬಗೆಯ ಪುಸ್ತಕದ ನಲವತ್ತು ಪ್ರತಿಗಳನ್ನು ಕೊಡಲಿ. ಪ್ರತಿಗೆ 300 ರೂಪಾಯಿ ಎಂದಿಟ್ಟುಕೊಂಡರೂ ಆಗುವುದು 12,000. ಗ್ರಂಥಾಲಯದಲ್ಲಿಟ್ಟರೆ ವರ್ಷ ವರ್ಷವೂ ಹೊಸ ಮಕ್ಕಳು ಓದುತ್ತಾರೆ.

ಮೂರನೆಯದು ನಮ್ಮ ಕೆಲಸದ ಸ್ಥಳಕ್ಕೆ ಸಂಬಂಧಿಸಿದ್ದು. ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿರುವವರಲ್ಲಿ ಹೆಚ್ಚಿನವರು ಮಹಿಳೆಯರು. ಹತ್ತೊಂಬತ್ತು, ಇಪ್ಪತ್ತರ ಹರೆಯದವರೂ ಅನೇಕರಿದ್ದಾರೆ. ಉದ್ಯೋಗಸ್ಥ ಮಹಿಳೆಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಋತುಚಕ್ರ ರಜೆ ನೀಡುವ ನೀತಿಗೆ ರಾಜ್ಯ ಸಚಿವ ಸಂಪುಟವು 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮರು ತಿಂಗಳು ಆದೇಶ ಹೊರಬಿತ್ತು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರೂ ಇದ್ದಾರೆ. ರಜೆಯ ಸಾಧಕಬಾಧಕಗಳ ಚರ್ಚೆಗೆ ಇದು ಸ್ಥಳವಲ್ಲ. ಆದರೆ ರಜೆ ಕೇಳುವವಳಿಗೆ ಬಾಯಿ ಬರಬೇಕು, ಕೇಳಿಸಿಕೊಳ್ಳುವ ಮೇಲ್ವಿಚಾರಕನಿಗೆ ಮುಗುಳ್ನಗದೆ ಕೇಳುವ ಸಂಸ್ಕಾರ ಬೇಕು. ಅವನು ಹದಿಮೂರರ ಹುಡುಗನಾಗಿದ್ದಾಗ ತರಗತಿಯಿಂದ ಹೊರಗೆ ಕಳುಹಿಸಿ ಹುಡುಗಿಯರಿಗೆ ಮಾತ್ರ ಪಾಠ ಹೇಳಿದ್ದರ ಫಲವನ್ನು ಇಂದು ನಾವು ಉಣ್ಣುತ್ತಿದ್ದೇವೆ. ಆದ್ದರಿಂದಲೇ ಗಂಡುಮಕ್ಕಳಿಗೂ ಈ ಶಿಕ್ಷಣ ಬೇಕೆಂದು ನಾನು ಒತ್ತಿ ಹೇಳುತ್ತೇನೆ. ಕಾರ್ಮಿಕರಿಗೆ ಮಾತ್ರ ಏರ್ಪಡಿಸುವ ಇಂಥ ತಿಳುವಳಿಕೆ ಶಿಬಿರದ ವೆಚ್ಚವು ಸಾಮಾಜಿಕ ಹೊಣೆಯ ಲೆಕ್ಕಕ್ಕೆ ಬಾರದು. ಆದರೆ ಕಾರ್ಮಿಕ ಕಲ್ಯಾಣದ ವ್ಯಾಪಾರ ವೆಚ್ಚವಾಗಿ ತೋರಿಸಲು ಅಡ್ಡಿಯಿಲ್ಲ.

ಕೊನೆಯದಾಗಿ, ನಮ್ಮ ವಾಣಿಜ್ಯ ಮಂಡಳಿಯು ವರ್ಷಕ್ಕೊಂದು ಬಾರಿ ಇಂಥ ಯುವ ಸಾಮಾಜಿಕ ಉದ್ಯಮಿಗಳನ್ನು ಕರೆಸಿ ಸದಸ್ಯರ ಮುಂದೆ ಅವರ ಯೋಜನೆಗಳನ್ನು ಮಂಡಿಸಲು ಅವಕಾಶ ಕೊಡಬೇಕು. ಶಾಲು ಹೊದಿಸಿ ಕಳುಹಿಸಿದರೆ ಸಾಲದು. ಖರೀದಿ ಆದೇಶವನ್ನೂ ಕೈಗೆ ಕೊಟ್ಟು ಕಳುಹಿಸಬೇಕು.

ಹದಿನೈದರ ಹುಡುಗಿಯೊಬ್ಬಳು ಅಂಗಡಿಯ ಮುಂದೆ ನಿಂತು ಬೇಕಾದುದನ್ನು ಹೆಸರು ಹಿಡಿದು ಕೇಳಲು ಹಿಂಜರಿದಳು. ಮುಂದೆ ಅವಳೇ ಆ ಹಿಂಜರಿಕೆಯ ವಿರುದ್ಧ ಒಂದು ಉದ್ದಿಮೆಯನ್ನು ಕಟ್ಟಿದಳು. ಅಂಗಡಿಯ ಈಚೆ ಬದಿಯಲ್ಲಿ ಕುಳಿತು, ಕೇಳಿದ ಪೊಟ್ಟಣವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕಪ್ಪು ಚೀಲದಲ್ಲಿಟ್ಟು ಕೊಡುತ್ತ ಬಂದವರು ನಾವು. ಮುಂದಿನ ಆಯವ್ಯಯವನ್ನು ಸಿದ್ಧಪಡಿಸುವಾಗ ಈ ವಿಷಯಕ್ಕೆ ಒಂದು ಶೀರ್ಷಿಕೆ ಬರೆದು, ಅದರ ಮುಂದೆ ಒಂದು ಮೊತ್ತವನ್ನು ನಮೂದಿಸೋಣ. ಮೊತ್ತ ಚಿಕ್ಕದಾದರೂ ಚಿಂತೆಯಿಲ್ಲ. ಕೆಂಪು ಶಾಯಿಯಿಂದ ಹೊಡೆದುಹಾಕದಿದ್ದರೆ ಸಾಕು.